ಹೋದ ದಾರಿಯಲ್ಲಿ ವಾಪಸು ಬಾರದ ಸೂತ್ರ

ನಿಮ್ಮ ಊರಿನ ಲ್ಯಾಬು ಕೊಟ್ಟ ಶುಗರ್ ರಿಪೋರ್ಟು ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಎಚ್‌ಬಿಎ1ಸಿ, ಅಂದರೆ ಮನೆಮಾತಿನ ‘ಮೂರು ತಿಂಗಳ ಶುಗರ್’, ಒಂದು ಸಾಲಿನಲ್ಲಿರುತ್ತದೆ. ಅದರ ಕೆಳಗೆ ಎಷ್ಟೋ ರಿಪೋರ್ಟುಗಳಲ್ಲಿ ಇನ್ನೊಂದು ಸಾಲು: ಅಂದಾಜು ಸರಾಸರಿ ಗ್ಲುಕೋಸ್. ಮೇಲೆ 7.0 ಇದ್ದರೆ ಕೆಳಗೆ 154, ಮೇಲೆ 9.0 ಇದ್ದರೆ ಕೆಳಗೆ 212. ಓದುವವರು ಎರಡನ್ನೂ ಯಂತ್ರ ಅಳೆದು ಕೊಟ್ಟಿತೆಂದೇ ನಂಬುತ್ತಾರೆ. ರಕ್ತದಿಂದ ಬಂದದ್ದು ಮೇಲಿನ ಸಂಖ್ಯೆ ಮಾತ್ರ. ಅದನ್ನು 28.7ರಿಂದ ಗುಣಿಸಿ, 46.7 ಕಳೆದರೆ ಕೆಳಗಿನದು ಬರುತ್ತದೆ. ಅದಕ್ಕೆ ಸಿರಿಂಜೂ ಬೇಡ, ಸೂಜಿಯೂ ಬೇಡ.

ಈ ಸೂತ್ರದ ಪರವಾದ ವಾದ ಓದುಗರಿಗೆ ಹೊಸದಲ್ಲ. ಎಚ್‌ಬಿಎ1ಸಿ ಶೇಕಡಾವಾರು ಲೆಕ್ಕ, ರೋಗಿಗೆ ಅದು ಅರ್ಥವಾಗದು. ಗ್ಲುಕೋಮೀಟರಿನಲ್ಲಿ ದಿನಾ ನೋಡುವ 140, 180ರ ಭಾಷೆ ಅರ್ಥವಾಗುತ್ತದೆ. ಆದ್ದರಿಂದ ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸಿ ಕೊಡೋಣ. 2008ರಲ್ಲಿ ಡೇವಿಡ್ ನೇಥನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ಸೂತ್ರದ ತವರು. 10 ಕೇಂದ್ರಗಳ 507 ಜನ, ಮೂರು ತಿಂಗಳಲ್ಲಿ ಒಬ್ಬೊಬ್ಬರಿಂದ ಸುಮಾರು 2,700 ಗ್ಲುಕೋಸ್ ಮಾಪನ. ಎರಡು ಅಳತೆಗಳ ನಡುವೆ ಎಳೆದ ಸರಳರೇಖೆಯ ಆರ್-ಸ್ಕ್ವೇರ್, ಅಂದರೆ ಗೆರೆ ಚುಕ್ಕಿಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬ ಅಳತೆ, 0.84. ಜೀವಂತ ಮನುಷ್ಯರ ಅಧ್ಯಯನದಲ್ಲಿ ಇಷ್ಟು ಸಿಗುವುದು ಅಪರೂಪ. ಆ ತಂಡದ ಶ್ರಮದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಅವರು ಎಳೆದ ಗೆರೆಯ ಮೇಲಲ್ಲ, ಆ ಗೆರೆಗೆ ನಾವು ಕೊಟ್ಟ ಕೆಲಸದ ಮೇಲೆ. ಅದು ಮುನ್ಸೂಚನೆಯ ಸೂತ್ರ. ಪರಿವರ್ತನೆಯ ಸೂತ್ರವೆಂದು ಅದನ್ನು ಬಳಸುತ್ತಿದ್ದೇವೆ.

ಸೇರಿಗೆ ನಾಲ್ಕು ಪಾವು. ಪಾವನ್ನು ಸೇರು ಮಾಡಿ, ಸೇರನ್ನು ಮತ್ತೆ ಪಾವು ಮಾಡಿ, ಒಂದು ಕಾಳೂ ಕಳೆಯುವುದಿಲ್ಲ. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ನಡುವಿನದೂ ಇಂಥದೇ ನಂಟು. ಅಲ್ಲಿರುವುದು ವ್ಯಾಖ್ಯೆ, ಯಾರನ್ನೂ ಅಧ್ಯಯನ ಮಾಡಬೇಕಿಲ್ಲ. ಈಗ ಬೇರೆ ಪ್ರಶ್ನೆ ಕೇಳಿ: ಒಂದು ಸೇರು ರಾಗಿ ಎಷ್ಟು ತೂಗುತ್ತದೆ? ರಾಗಿ ಒಣಗಿದೆಯೇ ಹಸಿಯೇ, ಹೊಟ್ಟು ತೂರಿದ್ದಾರೆಯೇ, ಅಳೆದವನು ಗೋಪುರ ಕಟ್ಟಿ ಅಳೆದನೇ ತಲೆ ಸವರಿದನೇ ಎಂದು ಅಂಗಡಿಯವನು ಮರುಪ್ರಶ್ನೆ ಹಾಕುತ್ತಾನೆ. ಐನೂರು ಮನೆಗಳ ರಾಗಿಯನ್ನು ಅಳೆದು, ತೂಗಿ, ಒಂದು ಸರಾಸರಿ ಹೇಳಬಹುದು. ನಿಮ್ಮ ಮನೆಯ ಸೇರಿನ ತೂಕ ಮಾತ್ರ ಅದರಿಂದ ಖಚಿತವಾಗುವುದಿಲ್ಲ.

ಎಚ್‌ಬಿಎ1ಸಿ ಮತ್ತು ಗ್ಲುಕೋಸ್ ಅಳತೆ-ತೂಕದ ಹಾಗೆ ಎರಡು ಬೇರೆ ಸಂಗತಿಗಳು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಅಂಟಿದ್ದೆಷ್ಟು ಎಂಬುದನ್ನು ಎಚ್‌ಬಿಎ1ಸಿ ಹೇಳುತ್ತದೆ. ರಕ್ತದಲ್ಲಿ ಸಕ್ಕರೆ ಎಷ್ಟಿತ್ತು ಎಂಬುದರ ಜೊತೆಗೆ, ಕಣ ಎಷ್ಟು ದಿನ ಬದುಕಿತು ಎಂಬುದೂ ಆ ಸಂಖ್ಯೆಯಲ್ಲಿ ಸೇರಿಹೋಗಿದೆ. ಇದು ವೈದ್ಯರೆಲ್ಲರಿಗೂ ಗೊತ್ತಿದ್ದದ್ದೇ. ಆದರೆ 212 ಎಂದು ಅಚ್ಚಾದ ಗಳಿಗೆಯಲ್ಲಿ ಅದು ಮರೆತುಹೋಗುತ್ತದೆ.

ಪರಿವರ್ತನೆ ಎನ್ನುವ ಹೆಸರಿಗೆ ಅರ್ಹವಾಗಬೇಕಾದರೆ ಸೂತ್ರ ಒಂದು ಸರಳ ಪರೀಕ್ಷೆಯಲ್ಲಿ ಪಾಸಾಗಬೇಕು: ಹೋದ ದಾರಿಯಲ್ಲಿ ವಾಪಸು ಬರಬೇಕು. ನಮ್ಮ ಅದೃಷ್ಟಕ್ಕೆ ಇಲ್ಲಿ ವಾಪಸಿನ ದಾರಿಯೂ ಸಿದ್ಧವಿದೆ. ತೋಳಿಗೆ ಅಂಟಿಸಿಕೊಳ್ಳುವ ನಿರಂತರ ಗ್ಲುಕೋಸ್ ಮಾಪಕಗಳು, ಅಂದರೆ ಸಿಜಿಎಂಗಳು, ಬಂದ ಮೇಲೆ ಸರಾಸರಿ ಗ್ಲುಕೋಸಿನಿಂದ ಎಚ್‌ಬಿಎ1ಸಿಯನ್ನು ಊಹಿಸುವ ಸೂತ್ರ ಬೇಕಾಯಿತು. 2018ರಲ್ಲಿ ರಿಚರ್ಡ್ ಬರ್ಗೆನ್‌ಸ್ಟಲ್ ಮತ್ತು ಸಂಗಡಿಗರು ಅದನ್ನು ಕೊಟ್ಟರು: ಸರಾಸರಿ ಗ್ಲುಕೋಸನ್ನು 0.02392ರಿಂದ ಗುಣಿಸಿ 3.31 ಕೂಡಿಸಿ. ಅದರ ಹೆಸರು ಜಿಎಂಐ.

ಪೆನ್ನು ಹಿಡಿದು ಕೂತು ಮಾಡಿ ನೋಡಿದೆ. 9.0ರಿಂದ ಹೊರಟರೆ ಮೊದಲ ಸೂತ್ರ 212ಕ್ಕೆ ಒಯ್ಯುತ್ತದೆ. ಆ 212ನ್ನು ಎರಡನೆಯ ಸೂತ್ರಕ್ಕೆ ಕೊಟ್ಟರೆ ಬರುವುದು 8.4. 10.0ರಿಂದ ಹೊರಟವರು 240 ಮುಟ್ಟಿ 9.1ಕ್ಕೆ ಮರಳುತ್ತಾರೆ. ಕೆಳಗಿನ ತುದಿಯಲ್ಲಿ ತಿರುಗುಮುರುಗು: 5.0 ಇದ್ದ ಆರೋಗ್ಯವಂತ 97ಕ್ಕೆ ಹೋಗಿ 5.6 ಆಗಿ ಬರುತ್ತಾನೆ, 5.7ರಿಂದ ಮಧುಮೇಹಪೂರ್ವ ಸ್ಥಿತಿ ಎನ್ನುವ ಲೆಕ್ಕದಲ್ಲಿ ಹೊಸ್ತಿಲಿಗೆ ಬಂದು ನಿಂತ ಹಾಗೆ. 7.0 ಮಾತ್ರ 154ಕ್ಕೆ ಹೋಗಿ 7.0 ಆಗಿಯೇ ಬರುತ್ತದೆ. ಆಟವನ್ನು ಮುಂದುವರಿಸಿದರೆ ಹತ್ತು ಇದ್ದವನು 9.1, 8.4, 8.0 ಎಂದು ಇಳಿಯುತ್ತ ಏಳರ ಕಡೆಗೇ ನಡೆಯುತ್ತಾನೆ. ಗುಳಿಗೆ, ಪಥ್ಯ, ವಾಕಿಂಗ್ ಯಾವುದೂ ಇಲ್ಲದೆ ಬರೀ ಗುಣಾಕಾರದಿಂದ ಶುಗರ್ ಹತೋಟಿಗೆ ಬಂತು.

ಇದು ಯಾರ ತಪ್ಪೂ ಅಲ್ಲ, ರಿಗ್ರೆಷನ್ನಿನ, ಅಂದರೆ ಒಂದರಿಂದ ಇನ್ನೊಂದನ್ನು ಊಹಿಸಲು ಗೆರೆ ಎಳೆಯುವ ವಿಧಾನದ, ಸ್ವಭಾವ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರ ನೋಡಿದಾಗ, ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಲ್ಲಿ ಅಷ್ಟೇ ಎತ್ತರ ಇರಲಿಲ್ಲ, ನಡುವಿನ ಕಡೆಗೆ ಸರಿದಿದ್ದರು. ಇಷ್ಟು ಎಲ್ಲ ಪಠ್ಯಗಳಲ್ಲೂ ಇದೆ. ಪಠ್ಯಗಳು ಅವಸರದಲ್ಲಿ ದಾಟುವ ಇನ್ನೊಂದು ಮಾತು ನಮಗೆ ಮುಖ್ಯ: ಎತ್ತರದ ಮಕ್ಕಳಿಂದ ಹೊರಟು ಅವರ ಪೋಷಕರನ್ನು ನೋಡಿದರೂ ಹಾಗೆಯೇ, ಪೋಷಕರೂ ನಡುವಿನ ಕಡೆಗೆ ಸರಿದಿರುತ್ತಾರೆ. ಒಂದೇ ಚುಕ್ಕಿಗಳ ಗುಂಪಿನಲ್ಲಿ ಎರಡು ಗೆರೆಗಳಿವೆ. ಇದರಿಂದ ಅದನ್ನು ಊಹಿಸುವ ಗೆರೆ ಒಂದು, ಅದರಿಂದ ಇದನ್ನು ಊಹಿಸುವ ಗೆರೆ ಇನ್ನೊಂದು. ಎರಡರ ಇಳಿಜಾರುಗಳನ್ನು ಗುಣಿಸಿದರೆ ಆರ್-ಸ್ಕ್ವೇರ್ ಸಿಗುತ್ತದೆ. ಅದು 1 ಆದಾಗ ಮಾತ್ರ ಎರಡು ಗೆರೆಗಳೂ ಒಂದಾಗುತ್ತವೆ. ಬೇರೆಲ್ಲ ಸಂದರ್ಭದಲ್ಲಿ ಹೋಗಿ ಬರುವ ಪ್ರತಿ ಸಲವೂ ಸುಂಕ ತೆರಬೇಕು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. 2008ರ ಸೂತ್ರವೂ 2018ರ ಸೂತ್ರವೂ ಬೇರೆ ಬೇರೆ ಜನರಿಂದ, ಬೇರೆ ಉಪಕರಣಗಳಿಂದ ಬಂದವು. ಕುಗ್ಗುವಿಕೆಯನ್ನೆಲ್ಲ ರಿಗ್ರೆಷನ್ನಿನ ತಲೆಗೆ ಕಟ್ಟುವುದು ಸರಿಯೇ? ಸರಿಯಲ್ಲ. ಹಾಗಾಗಿ 2008ರ ದತ್ತಾಂಶದೊಳಗೇ ಉಳಿಯೋಣ. ಅಲ್ಲಿನ ಆರ್-ಸ್ಕ್ವೇರ್ 0.84 ಎಂದಾಗ, ಅದೇ ದತ್ತಾಂಶದಿಂದ ವಾಪಸಿನ ಗೆರೆ ಎಳೆದರೂ ಪ್ರತಿ ಸುತ್ತಿಗೆ ನೂರಕ್ಕೆ 16ರಷ್ಟು ಅಂತರ ಕರಗುತ್ತದೆ. ನಡುವಿನ ಬಿಂದು ಏಳರ ಆಸುಪಾಸು ಎಂದಿಟ್ಟುಕೊಂಡರೆ 9.0 ವಾಪಸು ಬರುವುದು 8.7 ಆಗಿ. ಅಂದರೆ 9.0ರಿಂದ 8.4ಕ್ಕೆ ಆದ ಕುಸಿತದಲ್ಲಿ ಅರ್ಧದಷ್ಟು ಶುದ್ಧ ಗಣಿತದ್ದು, ಉಳಿದರ್ಧ ಜನ ಮತ್ತು ಉಪಕರಣ ಬದಲಾದದ್ದರದ್ದು. ಆ ಉಳಿದರ್ಧವೂ ಸೂತ್ರದ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಜನ ಬದಲಾದರೆ ಗೆರೆ ಬದಲಾಗುತ್ತದೆ ಎಂದಾದರೆ, ಯಾರ ಗೆರೆಯನ್ನು ಯಾರ ರಿಪೋರ್ಟಿಗೆ ಹಾಕುತ್ತಿದ್ದೇವೆ?

ಬದಲಾಗುತ್ತದೆ ಎಂಬುದಕ್ಕೆ ಹಳೆಯ ಪುರಾವೆಯೇ ಇದೆ. 2008ಕ್ಕೆ ಮೊದಲು ಚಾಲ್ತಿಯಲ್ಲಿದ್ದದ್ದು 2002ರ ಸೂತ್ರ. 1993ರಲ್ಲಿ ಫಲಿತಾಂಶ ಬಂದ ದೊಡ್ಡ ಅಮೆರಿಕನ್ ಪ್ರಯೋಗವಾದ ಡಿಸಿಸಿಟಿಯ ದತ್ತಾಂಶದಿಂದ ತೆಗೆದದ್ದು ಅದು. ಟೈಪ್ 1 ಮಧುಮೇಹಿಗಳು ದಿನಕ್ಕೆ ಏಳು ಸಲ ಬೆರಳು ಚುಚ್ಚಿಕೊಂಡು ಕೊಟ್ಟ ರಕ್ತ. ಗುಣಕ 35.6, ಕಳೆಯುವ ಸಂಖ್ಯೆ 77.3. ಅದರ ಪ್ರಕಾರ 9.0 ಎಂದರೆ 243. 2008ರ ನಂತರ ಅದೇ 9.0 ಎಂದರೆ 212. ರೋಗಿಯ ರಕ್ತದಲ್ಲಿ ಏನೂ ಆಗಲಿಲ್ಲ. ಒಂದು ಪ್ರಬಂಧ ಪ್ರಕಟವಾಯಿತು, ಸರಾಸರಿ 31 ಅಂಕ ಇಳಿಯಿತು. ಸೇರು-ಪಾವಿನ ಲೆಕ್ಕದಲ್ಲಿ ಇಂಥದು ನಡೆದಿದ್ದರೆ ಸಂತೆಯಲ್ಲಿ ಹೊಡೆದಾಟವಾಗುತ್ತಿತ್ತು.

‘ಇದೆಲ್ಲ ಸಂಖ್ಯಾಶಾಸ್ತ್ರಿಗಳ ಸೂಕ್ಷ್ಮ, ರೋಗಿಗೆ ಅಂದಾಜು ಸಾಕು’ ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ, ಒಳ್ಳೆಯ ವೈದ್ಯರ ಬಾಯಲ್ಲೇ ಕೇಳಿದ್ದೇನೆ. ಅಂದಾಜು ಎಂದರೆ ಎಷ್ಟು ಅಂದಾಜು? ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಕೋಷ್ಟಕವೇ 95 ಶೇಕಡಾ ವ್ಯಾಪ್ತಿಯನ್ನು ಆವರಣದಲ್ಲಿ ಕೊಡುತ್ತದೆ. 7ಕ್ಕೆ 154, ವ್ಯಾಪ್ತಿ 123ರಿಂದ 185. 8ಕ್ಕೆ 183, ವ್ಯಾಪ್ತಿ 147ರಿಂದ 217. 9ಕ್ಕೆ 212, ವ್ಯಾಪ್ತಿ 170ರಿಂದ 249. ಸರಾಸರಿ ಗ್ಲುಕೋಸ್ 175 ಇರುವ ವ್ಯಕ್ತಿ ಈ ಮೂರೂ ಮನೆಗಳಲ್ಲಿ ಕೂರಬಲ್ಲ. ಒಬ್ಬನಿಗೆ ಇನ್ಸುಲಿನ್ ಶುರುಮಾಡಬೇಕೇ, ಇನ್ನೊಬ್ಬನಿಗೆ ಇದ್ದ ಗುಳಿಗೆಯೇ ಸಾಕೇ ಎಂಬಷ್ಟು ದೂರ ಏಳಕ್ಕೂ ಒಂಬತ್ತಕ್ಕೂ ಇದೆ. ಕೋಷ್ಟಕದಲ್ಲಿದ್ದ ಆವರಣ ಲ್ಯಾಬಿನ ರಿಪೋರ್ಟಿಗೆ ಬರುವ ಹೊತ್ತಿಗೆ ಉದುರಿಹೋಗಿದೆ. ಅಂದಾಜು ಎಂಬ ಪದ ಉಳಿದಿದೆ, ಅಂದಾಜಿನ ಅಗಲ ಉಳಿದಿಲ್ಲ.

ಈ ಅಗಲವನ್ನು ನಾವು ‘ದೋಷ’ ಎಂದು ಕರೆದು ಸುಮ್ಮನಾಗುವುದು ಇನ್ನೂ ದೊಡ್ಡ ತಪ್ಪು. ದೋಷವಾದರೆ ಮತ್ತೆ ಮತ್ತೆ ಅಳೆದಾಗ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬಂದು ಸಮವಾಗಬೇಕು. ಇಲ್ಲಿ ಹಾಗಾಗುವುದಿಲ್ಲ. ಕೆಲವರ ಎಚ್‌ಬಿಎ1ಸಿ ಅವರ ಗ್ಲುಕೋಸಿಗೆ ಹೋಲಿಸಿದರೆ ಯಾವಾಗಲೂ ಹೆಚ್ಚು, ಕೆಲವರದು ಯಾವಾಗಲೂ ಕಡಿಮೆ. ಅದು ಆ ಮನುಷ್ಯನ ರಕ್ತದ ಗುಣ, ವರ್ಷಗಳ ನಂತರ ನೋಡಿದರೂ ಬಹುಪಾಲು ಅದೇ ದಿಕ್ಕಿಗೆ ವಾಲಿರುತ್ತದೆ. ಇಂಥವರಿಗೆ ಸರಾಸರಿ ಗೆರೆ ಪ್ರತಿ ಸಲ ಒಂದೇ ಕಡೆಗೆ ತಪ್ಪು ಹೇಳುತ್ತದೆ. ಜೊತೆಗೆ ನಮ್ಮ ದೇಶದ ಸಂಗತಿ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರಬೇಕಾದದ್ದಕ್ಕಿಂತ ಏರಬಹುದು. ರಕ್ತಕಣಗಳು ಬೇಗ ನಾಶವಾಗುವ ಕಾಯಿಲೆಗಳಲ್ಲಿ ಇಳಿಯುತ್ತದೆ. 2008ರ ಅಧ್ಯಯನ ರಕ್ತಹೀನತೆ ಇದ್ದವರನ್ನು ಹೊರಗಿಟ್ಟೇ ಗೆರೆ ಎಳೆದದ್ದು. ಒಳ್ಳೆಯ ಅಧ್ಯಯನ ಮಾಡಬೇಕಾದದ್ದೇ ಹಾಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ 57 ಶೇಕಡಾ ರಕ್ತಹೀನರು. ಅಧ್ಯಯನ ಬಾಗಿಲಲ್ಲೇ ತಡೆದು ಕಳಿಸುತ್ತಿದ್ದವರ ರಿಪೋರ್ಟಿನಲ್ಲಿ ಅದೇ ಅಧ್ಯಯನದ ಸೂತ್ರ ಅಚ್ಚಾಗುತ್ತಿದೆ.

ಹಾಗಾದರೆ ಎರಡು ಮಾಪನ ವಿಧಾನಗಳ ನಡುವೆ ಸರಳರೇಖೆಯೇ ಬೇಡವೇ? ಬೇಕು. ನನ್ನದು ಸರಳರೇಖೆಯ ಮೇಲಿನ ಪ್ರೀತಿಯಿಂದ ಹುಟ್ಟಿದ ಜಗಳ. ಅದು ಚೆನ್ನಾಗಿ ಕೆಲಸ ಮಾಡುವ ಉದಾಹರಣೆಯೂ ಇದೇ ಎಚ್‌ಬಿಎ1ಸಿಯಲ್ಲಿದೆ. ಇದನ್ನು ಶೇಕಡಾದಲ್ಲಿ ಹೇಳುವ ಅಮೆರಿಕದ ಎನ್‌ಜಿಎಸ್‌ಪಿ ಪದ್ಧತಿ ಒಂದು. ಮೋಲ್ ಲೆಕ್ಕದಲ್ಲಿ ಹೇಳುವ ಅಂತರರಾಷ್ಟ್ರೀಯ ಐಎಫ್‌ಸಿಸಿ ಪದ್ಧತಿ ಇನ್ನೊಂದು. ಐಎಫ್‌ಸಿಸಿ ಸಂಖ್ಯೆಯನ್ನು 0.09148ರಿಂದ ಗುಣಿಸಿ 2.152 ಕೂಡಿಸಿದರೆ ಶೇಕಡಾ ಸಿಗುತ್ತದೆ. 53 ಕೊಟ್ಟರೆ 7.0, 7.0 ಕೊಟ್ಟರೆ 53. ಹೋದ ದಾರಿಯಲ್ಲೇ ವಾಪಸು. ಎರಡೂ ಕಡೆ ಅಳೆಯುತ್ತಿರುವುದು ಒಂದೇ ರಕ್ತದ ಒಂದೇ ಅಂಶವನ್ನು. ಎರಡೂ ಕಡೆಯ ಮಾನಕ ಪ್ರಯೋಗಾಲಯಗಳು ಅದೇ ಮಾದರಿಗಳನ್ನು ಪಾಲಾಗಿ ಹಂಚಿಕೊಂಡು ಅಳೆದವು. ಚೆದುರುವಿಕೆ ಎಷ್ಟು ಕಡಿಮೆಯೆಂದರೆ ಎರಡು ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ಇದೂ ಸರಳರೇಖೆ, ಅದೂ ಸರಳರೇಖೆ. ಕಾಗದದ ಮೇಲೆ ಒಂದೇ ಥರ ಕಾಣುತ್ತವೆ ಎಂಬುದೇ ತೊಂದರೆ.

ಎರಡರ ವ್ಯತ್ಯಾಸ ತಿಳಿಯಲು ಸಹಸಂಬಂಧದ ಅಂಕಿ ಸಾಲದು. 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ ಇದನ್ನು ತೋರಿಸಿದರು. ಉಸಿರಿನ ವೇಗ ಅಳೆಯುವ ದೊಡ್ಡ ಮತ್ತು ಚಿಕ್ಕ ರೈಟ್ ಮೀಟರುಗಳನ್ನು 17 ಜನರ ಮೇಲೆ ಹೋಲಿಸಿದಾಗ ಸಹಸಂಬಂಧ 0.94. ಒಬ್ಬನೇ ವ್ಯಕ್ತಿಯಲ್ಲಿ ಎರಡು ಮೀಟರುಗಳ ವ್ಯತ್ಯಾಸ ಮಾತ್ರ ಕೆಳಗೆ 80ರಿಂದ ಮೇಲೆ 76ರವರೆಗೆ, ನಿಮಿಷಕ್ಕೆ ಅಷ್ಟು ಲೀಟರ್. ಆ ಪ್ರಬಂಧ ದೊಡ್ಡ ಉಪಕಾರ ಮಾಡಿತು. ಆಮೇಲೆ ಅದೂ ಒಂದು ಮಡಿಯಾಯಿತು. ಈಗ ವ್ಯತ್ಯಾಸದ ಚಿತ್ರ ಬರೆದು, ಮೇಲೆ ಕೆಳಗೆ ಎರಡು ಚುಕ್ಕೆಗೆರೆ ಎಳೆದು, ‘ಹೊಂದಾಣಿಕೆ ಇದೆ’ ಎಂದು ಮುಗಿಸುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ವ್ಯತ್ಯಾಸ ಎಲ್ಲ ಮಟ್ಟದಲ್ಲೂ ಒಂದೇ ಇದೆಯೇ ಎಂದು ಕೇಳುವವರು ಕಡಿಮೆ. ಮಟ್ಟದೊಂದಿಗೆ ವ್ಯತ್ಯಾಸ ಬೆಳೆಯುವುದಾದರೆ, ವ್ಯತ್ಯಾಸವನ್ನು ಎರಡರ ಸರಾಸರಿಯ ಮೇಲೆ ರಿಗ್ರೆಸ್ ಮಾಡಿ, ಆ ಸಮೀಕರಣವನ್ನು ಬಿಡಿಸಿ ಬರೆದರೆ ಎರಡೂ ದಿಕ್ಕಿಗೆ ನಡೆಯುವ ಒಂದೇ ಗೆರೆ ಸಿಗುತ್ತದೆ. ಡೆನ್ಮಾರ್ಕಿನ ಬೆಂಡಿಕ್ಸ್ ಕಾರ್ಸ್ಟನ್‌ಸನ್ 2010ರ ತಮ್ಮ ಪುಸ್ತಕದಲ್ಲಿ ಇಂಥ ಪರಿವರ್ತನೆಯನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡಿದ್ದಾರೆ. ಅಲ್ಲಿಯೂ ಎಚ್ಚರ ಬೇಕು: ಒಂದು ವಿಧಾನದ ಏರುಪೇರು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ, ಇಲ್ಲದ ಇಳಿಜಾರು ಇದ್ದಂತೆ ಕಾಣುತ್ತದೆ. ಎಚ್‌ಬಿಎ1ಸಿ ಮತ್ತು ಗ್ಲುಕೋಸಿನಂತೆ ಮಾನಗಳೇ ಬೇರೆಯಾದರೆ ಕಳೆಯುವುದೇ ಅಸಾಧ್ಯ.

ಸಂಖ್ಯಾಶಾಸ್ತ್ರ ಬಲ್ಲವರು ಇಲ್ಲಿ ಡೆಮಿಂಗ್ ರಿಗ್ರೆಷನ್ ಎನ್ನುತ್ತಾರೆ. ಎರಡೂ ಕಡೆ ದೋಷವಿದೆ ಎಂದು ಒಪ್ಪಿ ಗೆರೆ ಎಳೆಯುವ ಈ ಉಪಾಯ 1878ರಷ್ಟು ಹಳೆಯದು. ಅಬ್ರಹಾಂ ವಾಲ್ಡ್ 1940ರಲ್ಲಿ ಇದೇ ಸಮಸ್ಯೆಗೆ ಬೇರೊಂದು ದಾರಿ ತೋರಿಸಿದ್ದರು. ಡೆಮಿಂಗ್ ವಿಧಾನಕ್ಕೆ ಎರಡು ದೋಷಗಳ ಅನುಪಾತವನ್ನು ನಾವು ಮೊದಲೇ ಹೇಳಬೇಕು. ಹೇಳದಿದ್ದರೆ ಸಾಮಾನ್ಯವಾಗಿ ಸಾಫ್ಟ್‌ವೇರು 1 ಎಂದಿಟ್ಟುಕೊಳ್ಳುತ್ತದೆ. ಎಚ್‌ಬಿಎ1ಸಿ ಹೇಳುವ ಶೇಕಡಾದ ಒಂದಕ್ಕೂ ಗ್ಲುಕೋಸ್ ಅಳೆಯುವ ಮಿಲಿಗ್ರಾಮಿನ ಒಂದಕ್ಕೂ ಯಾವ ಸಾಟಿ? ಮಿಲಿಗ್ರಾಂ ಬಿಟ್ಟು ಮಿಲಿಮೋಲಿನಲ್ಲಿ ಬರೆದರೆ ಗೆರೆಯೇ ಬೇರೆಯಾಗುತ್ತದೆ. ಮಾನ ಬದಲಿಸಿದ್ದಕ್ಕೆ ಉತ್ತರ ಬದಲಾಗುವ ವಿಧಾನವನ್ನು ಪರಿವರ್ತನೆಗೆ ಬಳಸುವುದು ತಮಾಷೆಯಾಗಿದೆ. ದೋಷದ ಅನುಪಾತ ತಿಳಿಯಲು ಒಂದೇ ದಾರಿ, ಒಬ್ಬೊಬ್ಬರನ್ನೂ ಎರಡೂ ವಿಧಾನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಅಳೆಯುವುದು. ಒಂದೇ ಟ್ಯೂಬಿನ ರಕ್ತವನ್ನು ಎರಡು ಸಲ ಓಡಿಸಿದರೆ ಯಂತ್ರದ ಏರುಪೇರು ಮಾತ್ರ ಗೊತ್ತಾಗುತ್ತದೆ. ತಿಂಗಳುಗಳ ಅಂತರದಲ್ಲಿ ಅದೇ ಮನುಷ್ಯನನ್ನು ಮತ್ತೆ ಅಳೆದರೆ, ಮೇಲೆ ಹೇಳಿದ ಅವನ ವಾಲಿಕೆಯೂ ಮಾದರಿಯೊಳಗೆ ಬರುತ್ತದೆ. ಆಗ ಸರಳರೇಖೆ ಗುಂಪಿನ ಮಾತಿನ ಜೊತೆಗೆ ವ್ಯಕ್ತಿಯ ಮಾತನ್ನೂ ಆಡಬಲ್ಲದು: ನಿನ್ನ ಎಚ್‌ಬಿಎ1ಸಿ ನಿನ್ನ ಗ್ಲುಕೋಸಿಗಿಂತ ಇಷ್ಟು ಹೆಚ್ಚು ತೋರಿಸುತ್ತದೆ, ಲೆಕ್ಕದಲ್ಲಿಟ್ಟುಕೋ ಎಂದು.

ಸಿಜಿಎಂ ಕಡೆಯವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು. ಅವರ ಸಂಖ್ಯೆಗೆ ಮೊದಲಿದ್ದ ಹೆಸರು ‘ಅಂದಾಜು ಎ1ಸಿ’. ಲ್ಯಾಬಿನ ಎ1ಸಿಗೂ ಅದಕ್ಕೂ ತಾಳೆಯಾಗದೆ ಜನ ಗೊಂದಲಕ್ಕೆ ಬಿದ್ದಾಗ, 2018ರಲ್ಲಿ ಆ ಹೆಸರನ್ನೇ ಕೈಬಿಟ್ಟು ಗ್ಲುಕೋಸ್ ನಿರ್ವಹಣಾ ಸೂಚಕ ಎಂದು ಕರೆದರು. ಜಿಎಂಐ ಎಂದರೆ ಅದೇ. ಒಂದು ಅಳತೆಯಿಂದ ಊಹಿಸಿದ್ದನ್ನು ಇನ್ನೊಂದು ಅಳತೆಯ ಹೆಸರಿನಲ್ಲಿ ಕರೆಯಬಾರದು ಎಂಬ ಪ್ರಾಮಾಣಿಕತೆ ಅದರಲ್ಲಿದೆ. ಎದುರು ದಿಕ್ಕಿನ ಸೂತ್ರಕ್ಕೆ ಅದು ಇನ್ನೂ ಬಂದಿಲ್ಲ. 212 ಇವತ್ತಿಗೂ ‘ಅಂದಾಜು ಸರಾಸರಿ ಗ್ಲುಕೋಸ್’ ಎಂಬ ಹೆಸರಿನಲ್ಲೇ ಓಡಾಡುತ್ತಿದೆ.

ಲ್ಯಾಬ್ ನಡೆಸುವವರಲ್ಲಿ ನನ್ನ ವಿನಂತಿ ಸಣ್ಣದು. 9.0ರ ಕೆಳಗೆ 212 ಎಂದು ಹಾಕುವ ಬದಲು 170ರಿಂದ 249 ಎಂದು ಹಾಕಿ. ಆ ಸಾಲಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಸಾಲನ್ನೇ ತೆಗೆದುಬಿಡಿ.